ರಿಮೋಟಿನ ಸಂಕೇತವನ್ನು ಓದುವ ಬಗೆ



ರಾತ್ರಿ ಹೊತ್ತು ಕರೆಂಟು ಬಂದಾಗ ಪಂಪಿನ ಮನೆಗೆ ಹೋಗಿ ಸ್ಟಾರ್ಟರಿನ ಗುಂಡಿ ಒತ್ತುವುದು ಎಂತಹ ಅಪಾಯದ ಕೆಲಸವೆಂಬುದನ್ನು ತಾವು ಬಲ್ಲಿರಿ. ಕಾಲಡಿಯಲ್ಲಿ ಕೆಸರು, ಕೈ ಒದ್ದೆ, ಮೂಲೆಯಲ್ಲಿ ಹಾವಿನ ಭಯ. ಒಣ ನೆಲದಲ್ಲಿ, ದೂರದಲ್ಲಿ ನಿಂತೇ ಈ ಕೆಲಸ ಮಾಡಲು ಒಂದು ಸಾಧನ ತಮ್ಮ ಮನೆಯಲ್ಲಿಯೇ ಉಂಟು. ಅದು ಟಿ.ವಿ.ಯ ರಿಮೋಟು. ಅದರ ಭಾಷೆಯನ್ನು ತಿಳಿದರೆ ಅದರಿಂದ ಬೇರೆ ಕೆಲಸವನ್ನೂ ಮಾಡಿಸಿಕೊಳ್ಳಬಹುದು.

ರಿಮೋಟು ಕಳುಹಿಸುವುದೇನು?

ರಿಮೋಟು ಕಳುಹಿಸುವುದು ಬೆಳಕನ್ನೇ. ಆದರೆ ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಇದನ್ನು 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಇಂಗ್ಲೆಂಡಿನಲ್ಲಿ ಕಂಡುಹಿಡಿದನು. ಮೊಬೈಲಿನ ಮುಂಬದಿಯ ಕ್ಯಾಮರಾಕ್ಕೆ ರಿಮೋಟಿನ ತುದಿಯನ್ನು ಹಿಡಿದು ಗುಂಡಿ ಒತ್ತಿ ನೋಡಿರಿ. ಸಾಮಾನ್ಯವಾಗಿ ಪರದೆಯಲ್ಲಿ ಬೆಳಕು ಮಿನುಗುವುದು ಕಾಣುತ್ತದೆ. ರಿಮೋಟು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಇದೇ ಸುಲಭ ಮಾರ್ಗ.

ಬಿಸಿಲು, ಒಲೆ, ದೀಪ ಇವೆಲ್ಲವೂ ಅವಕೆಂಪು ಬೆಳಕನ್ನು ಬೀರುತ್ತವೆ. ಆದುದರಿಂದ ರಿಮೋಟು ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸುತ್ತದೆ. ಸಂತೆಯ ಗದ್ದಲದಲ್ಲಿಯೂ ಹಸು ತನ್ನ ಕರುವಿನ ಕೂಗನ್ನು ಗುರುತಿಸುವಂತೆ, ಗ್ರಾಹಕವು ಈ ಮಿನುಗನ್ನು ಮಾತ್ರ ಆರಿಸಿಕೊಳ್ಳುತ್ತದೆ.

ಸಂಕೇತದ ರಚನೆ

ಬಹಳ ಬಳಕೆಯಲ್ಲಿರುವ ಎನ್.ಇ.ಸಿ. ಪದ್ಧತಿಯನ್ನು ನೋಡೋಣ. ಸಾಲಿನಲ್ಲಿ ಬೀಜ ಹಾಕುವಾಗ ಕಾಳು ಒಂದೇ ಬಗೆಯದು, ಅಂತರ ಮಾತ್ರ ಹತ್ತಿರ ಅಥವಾ ದೂರ. ಇಲ್ಲಿಯೂ ಹಾಗೆಯೇ. ಮೊದಲು 9 ಮಿಲಿಸೆಕೆಂಡು ಬೆಳಕು, 4.5 ಮಿಲಿಸೆಕೆಂಡು ಬಿಡುವು. ಇದು ‘ಎಚ್ಚರಿಕೆ’ ಎಂದು ಕೂಗಿದಂತೆ. ಅನಂತರ ಸುಮಾರು 562 ಮೈಕ್ರೋಸೆಕೆಂಡಿನ ಬೆಳಕಿನ ತುಣುಕುಗಳು. ತುಣುಕಿನ ನಂತರ ಅಷ್ಟೇ ಬಿಡುವು ಇದ್ದರೆ ಅದು ಸೊನ್ನೆ. ಮೂರರಷ್ಟು, ಎಂದರೆ ಸುಮಾರು 1687 ಮೈಕ್ರೋಸೆಕೆಂಡು ಬಿಡುವು ಇದ್ದರೆ ಅದು ಒಂದು.

ಹೀಗೆ 32 ಗುರುತುಗಳು ಬರುತ್ತವೆ. ಮೊದಲ 8 ಯಂತ್ರದ ವಿಳಾಸ, ಮುಂದಿನ 8 ಅದರ ತಿರುವುಮುರುವು. ಆಮೇಲಿನ 8 ಗುಂಡಿಯ ಸಂಖ್ಯೆ, ಕೊನೆಯ 8 ಅದರ ತಿರುವುಮುರುವು. ಗುಂಡಿಯ ಸಂಖ್ಯೆ 69 ಆದರೆ ಜೊತೆಯದು 186 ಇರಬೇಕು. ಕೂಡಿದರೆ 255 ಬರಬೇಕು. ಲೆಕ್ಕ ತಾಳೆಯಾಗದಿದ್ದರೆ ಆ ಸಂಕೇತವನ್ನು ತಳ್ಳಿಹಾಕಬೇಕು. ಎಲ್ಲ ರಿಮೋಟುಗಳೂ ಈ ಪದ್ಧತಿಯವಲ್ಲ. ಸೋನಿಯದು, ಫಿಲಿಪ್ಸಿನದು ಬೇರೆ ಬೇರೆ.

ಓದುವ ಕ್ರಮ

ಇದಕ್ಕೆ ಮೂರು ಕಾಲಿನ ಅವಕೆಂಪು ಗ್ರಾಹಕವೊಂದು, ಆರ್ಡುಯಿನೋ ಊನೋದಂತಹ ಮೈಕ್ರೋಕಂಟ್ರೋಲರ್ ಹಲಗೆಯೊಂದು ಬೇಕು. ಗ್ರಾಹಕದ ಒಂದು ಕಾಲು 5 ವೋಲ್ಟಿಗೆ, ಒಂದು ನೆಲದ ತಂತಿಗೆ, ಒಂದು ಸಂಕೇತದ ತುದಿಗೆ. ಕಾಲುಗಳ ಕ್ರಮವು ಒಂದೊಂದು ಮಾದರಿಗೆ ಒಂದೊಂದು ತೆರ. ಮಾದರಿಯ ವಿವರಪತ್ರ ನೋಡದೆ ಜೋಡಿಸಿದರೆ ಗ್ರಾಹಕ ಸುಟ್ಟುಹೋದೀತು.

ಬೆಳಕಿಲ್ಲದಾಗ ಗ್ರಾಹಕದ ಸಂಕೇತದ ಕಾಲಿನಲ್ಲಿ ವೋಲ್ಟೇಜು ಮೇಲಿರುತ್ತದೆ. ಬೆಳಕು ಬಂದಾಗ ಕೆಳಗಿಳಿಯುತ್ತದೆ. ಮೈಕ್ರೋಕಂಟ್ರೋಲರು ಪ್ರತಿ ಬಿಡುವನ್ನೂ ಅಳೆಯುತ್ತದೆ. ಬಿಡುವು 1000 ಮೈಕ್ರೋಸೆಕೆಂಡಿಗಿಂತ ಹೆಚ್ಚಾದರೆ ಒಂದು, ಕಡಿಮೆಯಾದರೆ ಸೊನ್ನೆ. ಇದನ್ನು ಮಾಡುವ ಸಿದ್ಧ ಪ್ರೋಗ್ರಾಮುಗಳು ಉಚಿತವಾಗಿ ದೊರೆಯುತ್ತವೆ. ಒಂದೊಂದೇ ಗುಂಡಿ ಒತ್ತಿ, ಕಂಪ್ಯೂಟರಿನ ಪರದೆಯಲ್ಲಿ ಬರುವ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ.

ಎಚ್ಚರಿಕೆಗಳು

1. ಮೊದಲು ಸಣ್ಣ ಎಲ್.ಇ.ಡಿ. ದೀಪವನ್ನು ಮಾತ್ರ ಉರಿಸಿ ಅಭ್ಯಾಸ ಮಾಡಬೇಕು. ಸ್ಟಾರ್ಟರಿಗೆ ರಿಲೇ ಜೋಡಿಸುವ ಕೆಲಸವನ್ನು ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು.

2. ನಡೆಸಲು ಒಂದು ಗುಂಡಿ, ನಿಲ್ಲಿಸಲು ಬೇರೊಂದು ಗುಂಡಿ ಇರಲಿ. ಗುಂಡಿಯನ್ನು ಒತ್ತಿ ಹಿಡಿದರೆ ರಿಮೋಟು ಪುನಃ ಪುನಃ ಸಂಕೇತ ಕಳುಹಿಸುತ್ತದೆ. ಎರಡು ಕೆಲಸಕ್ಕೂ ಒಂದೇ ಗುಂಡಿ ಇಟ್ಟರೆ ಮೋಟಾರು ನಡೆದು ನಿಂತು, ನಡೆದು ನಿಂತು ಕೆಡುವ ಸಂಭವವಿದೆ.

3. ಗುಂಡಿಯ ಸಂಖ್ಯೆಯ ಜೊತೆಗೆ ವಿಳಾಸವನ್ನೂ ಪರೀಕ್ಷಿಸುವಂತೆ ಮಾಡಬೇಕು. ಆದರೂ ಅದೇ ಮಾದರಿಯ ರಿಮೋಟು ನೆರೆಯವರಲ್ಲಿದ್ದರೆ ಅದೂ ಕೆಲಸ ಮಾಡುತ್ತದೆ. ಇದು ಬೀಗವಲ್ಲ.

4. ಈ ಬೆಳಕು ಗೋಡೆಯನ್ನು ದಾಟದು. ಸಾಮಾನ್ಯವಾಗಿ ಹತ್ತು ಮೀಟರಿನಷ್ಟು ದೂರಕ್ಕೇ ಸರಿ. ನೇರ ಬಿಸಿಲು ಬಿದ್ದರೆ ಇನ್ನೂ ಕಡಿಮೆ. ಗ್ರಾಹಕವನ್ನು ನೆರಳಿನ ಕಿಟಕಿಯಲ್ಲಿ ಕೂರಿಸಿರಿ.

5. ಮೋಟಾರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ಚು ಆರಿಸಿ ಫ್ಯೂಸು ತೆಗೆಯಲೇಬೇಕು. ತಾವು ಒಳಗಿರುವಾಗ ಹೊರಗಡೆ ಮಕ್ಕಳು ರಿಮೋಟು ಒತ್ತಿದರೆ ಅನಾಹುತವಾದೀತು.

ಶಾಲೆಯಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಎಲ್.ಇ.ಡಿ. ದೀಪದ ಅಭ್ಯಾಸವನ್ನು ಅವರಿಂದ ಮಾಡಿಸಿರಿ, ಜೊತೆಯಲ್ಲಿ ಕುಳಿತು ತಾವೂ ಕಲಿಯಿರಿ. ಕತ್ತಲೆಯಲ್ಲಿ ಒದ್ದೆ ಕೈಯಿಂದ ಸ್ಟಾರ್ಟರು ಮುಟ್ಟುವುದು ತಪ್ಪಿದರೆ, ಪಟ್ಟ ಶ್ರಮಕ್ಕೆ ಅದೇ ದೊಡ್ಡ ಫಲ.