ಜೋಡಣೆ ಫ್ಯಾನಿನ ಅಸಲಿತನ

ನೂರು ವರ್ಷ ದಾಟಿದ ಮೇಜು ಫ್ಯಾನೊಂದು ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಹೆಸರಿನ ಕಡೆಗೆ. ಪಂಜರದ ನಟ್ಟನಡುವೆ ಹಿತ್ತಾಳೆಯ ಬಿಲ್ಲೆ, ಮೋಟಾರಿನ ಬೆನ್ನಿಗೋ ಬುಡಕ್ಕೋ ಬಡಿದ ಪಟ್ಟಿ. ಜನರಲ್ ಎಲೆಕ್ಟ್ರಿಕ್, ವೆಸ್ಟಿಂಗ್‌ಹೌಸ್, ಎಮರ್ಸನ್ ಎಂದು ಓದಿಕೊಂಡರೆ ಅರ್ಧ ಕೆಲಸ ಮುಗಿದ ಸಮಾಧಾನ. ಆದರೆ ಇಡೀ ಯಂತ್ರದಲ್ಲಿ ಅತಿ ಸುಲಭವಾಗಿ ಬದಲಿಸಬಹುದಾದ ವಸ್ತು ಆ ಬಿಲ್ಲೆಯೇ. ಹೊಸದಾಗಿ ಅಚ್ಚು ಹಾಕಿಸಿದ ನಕಲು ಬಿಲ್ಲೆಗಳೂ ಅಮೆರಿಕದ ಸಂಗ್ರಾಹಕರ ನಡುವೆ ಕ್ರಯಕ್ಕೆ ಸಿಗುತ್ತವೆ. ಹಾಗಾಗಿ ಗುರುತು ಹಿಡಿಯುವ ಕೆಲಸ ಬದಲಿಸಲು ಅತಿ ಕಷ್ಟವಾದ ಭಾಗದಿಂದ ಶುರುವಾಗಿ, ಹೆಸರಿಗೆ ಕೊನೆಯಲ್ಲಿ ಬರಬೇಕು. ಭಾಗಗಳು ಒಂದೇ ಫ್ಯಾನಿನವಲ್ಲ ಎಂದು ಖಾತ್ರಿಯಾದ ಮೇಲೂ ಎಲ್ಲವನ್ನೂ ಕಿತ್ತು 'ಸರಿಯಾದ' ಭಾಗಗಳನ್ನು ಹುಡುಕಿಕೊಂಡು ಹೋಗುವುದು ಹೆಚ್ಚಿನ ಸಂದರ್ಭಗಳಲ್ಲಿ ರಿಪೇರಿಯಾಗದೆ ಹಾಳುಗೆಡಹುವಿಕೆಯಾಗುತ್ತದೆ ಎಂಬುದು ಈ ಲೇಖನದ ವಾದ.

ಚರಿತ್ರೆ ಸಣ್ಣದು. 1882ರಲ್ಲಿ ಸ್ಕೈಲರ್ ವ್ಹೀಲರ್ ಎರಡು ರೆಕ್ಕೆಯ ಮೇಜು ಫ್ಯಾನು ಮಾಡಿದ. ಅದೇ ದಶಕದಲ್ಲಿ ಫಿಲಿಪ್ ಡೀಲ್ ಎಂಬಾತ ಹೊಲಿಗೆ ಯಂತ್ರದ ಮೋಟಾರನ್ನು ಸೂರಿಗೆ ತೂಗುಹಾಕಿದ. 1888ರಲ್ಲಿ ನಿಕೋಲಾ ಟೆಸ್ಲಾಗೆ ಎಸಿ ಮೋಟಾರಿನ ಪೇಟೆಂಟ್ ಸಿಕ್ಕಿತು, 1890ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಎಮರ್ಸನ್ ಕಂಪನಿ ಹುಟ್ಟಿತು; ಅಲ್ಲಿಂದ ಫ್ಯಾನು ಅಂಗಡಿ ಸರಕಾಯಿತು. ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಬೇರೆಯೇ ಇದೆ. ಆಗ ಕರೆಂಟು ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಒಂದೂರಲ್ಲಿ ಡಿಸಿ, ಪಕ್ಕದೂರಲ್ಲಿ ಎಸಿ; ಎಸಿಯಲ್ಲೂ ಕೆಲವೆಡೆ ಸೆಕೆಂಡಿಗೆ 133 ಸೈಕಲ್, ಕೆಲವೆಡೆ 60, ನಯಾಗರಾದ ಕಡೆ 25. ಆ ಕಾಲದ ಪ್ರತಿ ಫ್ಯಾನೂ ಯಾವುದೋ ಒಂದು ಊರಿನ ಕರೆಂಟಿಗೆಂದೇ ಸುತ್ತಿದ ಯಂತ್ರ.

ಆ ಊರಿನ ಗುರುತು ಉಳಿದಿರುವುದು ಮೋಟಾರಿನ ಒಳಗೆ. ಹಿಂದಿನ ಮುಚ್ಚಳ ತೆಗೆದು, ಸುತ್ತಲೂ ಕೂತಿರುವ ತಂತಿಯ ಗುಂಪುಗಳನ್ನು, ಎಂದರೆ ಧ್ರುವಗಳನ್ನು, ಎಣಿಸಬೇಕು. ಸೈಕಲ್ ಸಂಖ್ಯೆಯನ್ನು 120ರಿಂದ ಗುಣಿಸಿ ಧ್ರುವಗಳಿಂದ ಭಾಗಿಸಿದರೆ ಆ ಮೋಟಾರು ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಸುತ್ತು ತಿರುಗಬಲ್ಲದು ಎಂಬುದು ತಿಳಿಯುತ್ತದೆ. 60 ಸೈಕಲ್ಲಿಗೆ ನಾಲ್ಕು ಧ್ರುವವಿದ್ದರೆ 1800. 25 ಸೈಕಲ್ಲಿನಲ್ಲಿ ಅದೇ ನಾಲ್ಕು ಧ್ರುವ ಬರೀ 750 ಸುತ್ತು ಕೊಡುತ್ತದೆ, ಗಾಳಿ ಮೈಗೆ ತಾಗುವುದಿಲ್ಲ. ಅದಕ್ಕೇ ಅಲ್ಲಿ ಎರಡು ಧ್ರುವ ಸುತ್ತಿ 1500ಕ್ಕೆ ಏರಿಸಬೇಕು. ಫಲಕದಲ್ಲಿ 60 ಎಂದಿದ್ದು ಒಳಗೆ ಎರಡೇ ಧ್ರುವ ಕಂಡರೆ ಫಲಕವನ್ನೂ ಮೋಟಾರನ್ನೂ ಒಟ್ಟಿಗೆ ನಂಬುವ ಮುನ್ನ ಯೋಚಿಸಬೇಕು. ಈ ಲೆಕ್ಕ ನಮಗೆ ಪರದೇಶದ್ದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದು 25 ಸೈಕಲ್ಲಿನ ವಿದ್ಯುತ್ತು. ಅದನ್ನು ಹುಟ್ಟಿಸಿದ ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿದ್ದೂ ಅದೇ ನೀರಿನ ಬಲದಿಂದ. ಹಳೆ ಮೈಸೂರಿನ ಫ್ಯಾನೊಂದರ ಪಟ್ಟಿಯ ಮೇಲೆ 25 ಎಂದು ಕಂಡರೆ ಅದು ತಪ್ಪು ಮುದ್ರಣವಲ್ಲ. ಮುಂದೆ 50 ಸೈಕಲ್ ರೂಢಿಗೆ ಬಂದಾಗ ಅಂಥ ಫ್ಯಾನು ಮೂಲೆ ಸೇರಬೇಕಿತ್ತು, ಇಲ್ಲವೇ ಹೊಸ ವೈಂಡಿಂಗೋ ಹೊಸ ಮೋಟಾರೋ ಪಡೆಯಬೇಕಿತ್ತು. ಕಲ್ಕತ್ತದಲ್ಲೂ ಇದೇ ಕತೆ: 1899ರಲ್ಲಿ ಬಂದ ಡಿಸಿ ಕರೆಂಟು ಆ ನಗರದಲ್ಲಿ ದಶಕಗಳ ಕಾಲ ನಿಂತಿತು. ಕಾರ್ಬನ್ ಬ್ರಶ್ ಕೂರುವ ಗೂಡುಗಳಿದ್ದೂ ಒಳಗೆ ಬ್ರಶ್ಶೇ ಬೇಡದ ಎಸಿ ಮೋಟಾರು ಇರುವ ಫ್ಯಾನಿನ ಹಿಂದೆ ಹೆಚ್ಚಾಗಿ ಇಂಥದೊಂದು ಬದಲಾವಣೆ ಇರುತ್ತದೆ. ಹಾಗಿದ್ದರೆ ಊರಿನ ಕರೆಂಟು ಬದಲಾದದ್ದಕ್ಕೆ ಆ ಫ್ಯಾನೇ ಸಾಕ್ಷಿ. ಅದನ್ನು ದೋಷವೆಂದು ತಿದ್ದಿದರೆ ಸಾಕ್ಷಿ ಅಳಿಯುತ್ತದೆ.

ಧ್ರುವದ ನಂತರ ನೋಡಬೇಕಾದ್ದು ತಂತಿ ಮತ್ತು ಸ್ಕ್ರೂ. ಬುಡದಿಂದ ಮೋಟಾರಿಗೆ ಎಷ್ಟು ತಂತಿ ಏರುತ್ತಿವೆ? ಸ್ಟಾರ್ಟಿಂಗಿಗೆ ಬೇರೆ ವೈಂಡಿಂಗ್ ಇರುವ ಹಲವು ಮೋಟಾರುಗಳಿಗೆ ಮೂರು ಬೇಕು. ಧ್ರುವದ ಮೂಲೆಗೆ ತಾಮ್ರದ ಬಳೆ ತೊಡಿಸಿದ ಸರಳ ಮೋಟಾರಿಗೆ ಎರಡೇ ಸಾಕು. ಮೂರು ತಂತಿಗೆ ತೂತುಗಳಿರುವ ಬುಡದಲ್ಲಿ ಎರಡೇ ಬಳಕೆಯಾಗಿದ್ದರೆ, ತಲೆ ಒಂದು ಫ್ಯಾನಿನದು, ಬುಡ ಇನ್ನೊಂದರದು ಇರಬಹುದು. ಸ್ಕ್ರೂಗಳ ಗುಟ್ಟು ಇನ್ನೂ ಸೊಗಸು. ಅಮೆರಿಕದ ಸ್ಕ್ರೂ ಮರೆಯ (ಥ್ರೆಡ್ಡಿನ) ಏಣುಗಳ ನಡುವಿನ ಕೋನ 60 ಡಿಗ್ರಿ, ಇಂಗ್ಲೆಂಡಿನ ವಿಟ್‌ವರ್ತ್‌ದು 55, ಅಲ್ಲಿಯೇ ಸಣ್ಣ ವಿದ್ಯುತ್ ಉಪಕರಣಗಳಿಗೆ ಬಳಸುತ್ತಿದ್ದ ಬಿಎ ಮರೆಯದು ನಲವತ್ತೇಳೂವರೆ. ಮಿಕ್ಕೆಲ್ಲವೂ ಅಮೆರಿಕದ್ದಾದ ಫ್ಯಾನಿನಲ್ಲಿ ಒಂದು ತೂತನ್ನು ಬಿಎ ಸ್ಕ್ರೂಗೆ ಹೊಸದಾಗಿ ಕೊರೆದಿದ್ದರೆ, ಆ ಯಂತ್ರ ಬ್ರಿಟಿಷ್ ಸಾಮಾನು ಸಿಗುವ ಯಾವುದೋ ಸೀಮೆಯಲ್ಲಿ ರಿಪೇರಿಯಾಗಿದೆ. ಅಂಗಡಿ ಬಿಲ್ಲು ಹೇಳದ ಸಂಗತಿಯನ್ನು ಒಂದು ಸ್ಕ್ರೂ ಹೇಳುತ್ತದೆ.

ಎಲ್ಲ ಬೆರಕೆಯೂ ಬೆರಕೆಯಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಹಿತ್ತಾಳೆ ರೆಕ್ಕೆ, ಹಿತ್ತಾಳೆ ಪಂಜರದ ಫ್ಯಾನಿಗೆ ಸಂಗ್ರಾಹಕರಲ್ಲಿ ಬಲು ಬೆಲೆ. ಹಿತ್ತಾಳೆ ರೆಕ್ಕೆಗೆ ಉಕ್ಕಿನ ಪಂಜರ ಕಂಡರೆ 'ಪಂಜರ ಬದಲಾಗಿದೆ' ಎಂದು ಮೂಗು ಮುರಿಯುವವರಿದ್ದಾರೆ. ಕಾರ್ಖಾನೆಗಳು ಹಿತ್ತಾಳೆಯಿಂದ ಉಕ್ಕಿಗೆ ದಾಟಿದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ, ಹಂತ ಹಂತವಾಗಿ. ಮೊದಲು ಹೋದದ್ದು ಪಂಜರ, ರೆಕ್ಕೆ ಇನ್ನೂ ಕೆಲವು ವರ್ಷ ಉಳಿಯಿತು. ಆ ನಡುಗಾಲದ ಫ್ಯಾನು ಕಾರ್ಖಾನೆಯಿಂದಲೇ ಹಾಗೆ ಬಂದದ್ದು. ಪಟ್ಟಿಯ ಮೇಲೆ ಕೊರೆದ ಪೇಟೆಂಟ್ ದಿನಾಂಕಗಳ ಓದಿನಲ್ಲೂ ಇದೇ ಎಚ್ಚರ ಬೇಕು. ಕೊನೆಯ ದಿನಾಂಕ ಹೇಳುವುದು ಫ್ಯಾನು ಅದಕ್ಕಿಂತ ಹಳೆಯದಲ್ಲ ಎಂಬುದನ್ನು ಮಾತ್ರ. ಅದೇ ವರ್ಷದ್ದು ಎಂದು ಬರೆದು ಮಾರುವವರು ಬೇಕಾದಷ್ಟು ಜನ.

ಬೆರಕೆಯನ್ನು ಹಾಗೇ ಉಳಿಸಬೇಕೆಂಬ ವಾದಕ್ಕೆ ಗಟ್ಟಿಯಾದ ಆಕ್ಷೇಪ ಸುರಕ್ಷತೆಯದು, ಅದನ್ನು ಪೂರ್ತಿ ಒಪ್ಪಬೇಕು. ಬಟ್ಟೆ ಸುತ್ತಿದ ಹಳೆಯ ತಂತಿಯೊಳಗಿನ ರಬ್ಬರು ಬಿರಿದು ಉದುರುತ್ತದೆ, ಎರಕದ ಕಬ್ಬಿಣದ ಮೈಗೆ ಅರ್ತಿಂಗ್ ಇಲ್ಲ. ತಂತಿ ಬದಲಿಸಿ ಅರ್ತ್ ಕೊಡದೆ ಸ್ವಿಚ್ಚು ಒತ್ತಬಾರದು. ಅಮೆರಿಕದ 110 ವೋಲ್ಟಿನ ಯಂತ್ರಕ್ಕೆ ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್ ಬೇಕು. ರೆಕ್ಕೆಯ ಬಾಗು ಮೋಟಾರಿನ ತಿರುಗುದಿಕ್ಕಿಗೆ ವಿರುದ್ಧವಾಗಿದ್ದರೆ ಗಾಳಿ ಹಿಂದಕ್ಕೆ ಹೋಗುತ್ತದೆ. ಬಾಗು ಅತಿಯಾಗಿದ್ದರೆ ಮೋಟಾರು ಏದುತ್ತದೆ, ಕಾಯುತ್ತದೆ. ಬುಡದೊಳಗಿನ ವೇಗ ತಗ್ಗಿಸುವ ಕಾಯಿಲ್ ಬೇರೆ ಮೋಟಾರಿನದಾದರೂ ಅಷ್ಟೇ. ಇಂಥ ಬೆರಕೆಯನ್ನು ಇಟ್ಟುಕೊಳ್ಳಿ ಎಂದು ಯಾರೂ ಹೇಳಲಾರರು. ಆದರೆ ಈ ಆಕ್ಷೇಪ ಮುಟ್ಟುವುದು ವಿದ್ಯುತ್ತು ಹರಿಯುವ, ತಿರುಗುವ ಭಾಗಗಳನ್ನು ಮಾತ್ರ. ಬುಡದ ಬಣ್ಣ, ಪಂಜರದ ನಮೂನೆ, ಬಿಲ್ಲೆಯ ಹೆಸರು ಯಾರ ಪ್ರಾಣಕ್ಕೂ ಕುತ್ತು ತರುವುದಿಲ್ಲ. ಎಣ್ಣೆಬಟ್ಟಲಿಗೆ ಹೊಸ ಫೆಲ್ಟು, ಗೇರುಗಳಲ್ಲಿ ಮೇಣದಂತೆ ಗಟ್ಟಿಯಾದ ಹಳೆಯ ಗ್ರೀಸ್ ಕೆರೆದು ಹೊಸದು, ತೆಳು ಟರ್ಬೈನ್ ಎಣ್ಣೆ, ಇಷ್ಟಾದರೆ ಬೆರಕೆಯ ಫ್ಯಾನೂ ಚೆನ್ನಾಗಿಯೇ ತಿರುಗುತ್ತದೆ.

ಇನ್ನೊಂದು ಆಕ್ಷೇಪ ಮಾರುಕಟ್ಟೆಯದು: ಬೆರಕೆಯನ್ನು ಸಹಿಸಿಕೊಂಡರೆ ಮೋಸಕ್ಕೆ ಬಾಗಿಲು ತೆರೆದಂತಲ್ಲವೇ? ನಿಜಕ್ಕೂ ಮೋಸ ಅಡಗಿರುವುದು ಕಲೆಯೇ ಇಲ್ಲದ 'ಶುದ್ಧ' ಫ್ಯಾನಿನಲ್ಲಿ. ಸರಿಯಾದ ಪಂಜರ, ಸರಿಯಾದ ಬುಡ ಕೇಳಿದಾಗಲೆಲ್ಲ ಅದು ಬರುವುದು ಇನ್ನೊಂದು ಫ್ಯಾನನ್ನು ಬಿಚ್ಚಿಯೇ. ಹಾಗೆ ಮೂರು ಫ್ಯಾನು ಸೇರಿ ಒಂದಾಗಿ, ಹೊಸ ಬಣ್ಣ ಹೊಡೆದು, ನಕಲು ಬಿಲ್ಲೆ ಬಡಿದರೆ ಅದೂ ಜೋಡಣೆಯೇ, ಗೊತ್ತಾಗದ ಜೋಡಣೆ. ಅಮೆರಿಕದ ಆಂಟಿಕ್ ಫ್ಯಾನ್ ಕಲೆಕ್ಟರ್ಸ್ ಅಸೋಸಿಯೇಷನ್‌ನಂಥ ಸಂಘ, ಅದು ಬೆಳೆಸಿದ ಸಂಗ್ರಹಾಲಯ ಇರುವ ಕಡೆ ಹೋಲಿಸಿ ನೋಡಲು ಕೆಡದ ಮಾದರಿಗಳಾದರೂ ಇವೆ. ನಮ್ಮಲ್ಲಿ ಫ್ಯಾನು ಗುಜರಿಗೆ ಬಂದ ಕೂಡಲೇ ಹಿತ್ತಾಳೆ ಒಂದು ಕಡೆ, ತಾಮ್ರ ಒಂದು ಕಡೆ, ಎರಕದ ಕಬ್ಬಿಣ ಒಂದು ಕಡೆ ತೂಕಕ್ಕೆ ಬೀಳುತ್ತದೆ. ಹಿತ್ತಾಳೆ ರೆಕ್ಕೆ ಕಳೆದುಕೊಂಡ ಫ್ಯಾನುಗಳು ಇಷ್ಟೊಂದು ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇಲ್ಲಿ ಮೋಟಾರಿನ ಒಳಗನ್ನು ಓದುವ ಕಸುಬನ್ನು ಹೆಸರಿಲ್ಲದೆ ನಡೆಸಿಕೊಂಡು ಬಂದವರು ರಿವೈಂಡಿಂಗ್ ಅಂಗಡಿಯವರು. ಸುಟ್ಟ ಕಾಯಿಲನ್ನು ಕತ್ತರಿಸುವ ಮುನ್ನ ಅವರು ಸುತ್ತುಗಳನ್ನು ಎಣಿಸುತ್ತಾರೆ, ತಂತಿಯ ಗೇಜು ಅಳೆಯುತ್ತಾರೆ, ಸುತ್ತಿದ ದಿಕ್ಕು ನೋಡುತ್ತಾರೆ, ಎಲ್ಲವನ್ನೂ ಎಣ್ಣೆಗೈಯಲ್ಲೇ ಒಂದು ಪುಸ್ತಕದಲ್ಲಿ ಗೀಚಿಡುತ್ತಾರೆ. ಯಾವ ಕಂಪನಿಯ ಯಾವ ಮೋಟಾರಿಗೆ ಎಷ್ಟು ಸುತ್ತು ಎಂಬ ಆ ಬರಹ ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಈಗ ಎಲೆಕ್ಟ್ರಾನಿಕ್ ಬೋರ್ಡಿನ ಬಿಎಲ್‌ಡಿಸಿ ಫ್ಯಾನುಗಳು ಬರುತ್ತಿವೆ. ಕೆಟ್ಟರೆ ಬೋರ್ಡು ಬದಲಿಸುತ್ತಾರೆ, ಕಾಯಿಲ್ ಸುತ್ತುವ ಮಾತೇ ಇಲ್ಲ. ಅಂಗಡಿ ಮುಚ್ಚಿದ ದಿನ ಉಳಿದ ತಾಮ್ರದ ತಂತಿಗೆ ಗಿರಾಕಿ ಸಿಗುತ್ತಾರೆ, ಪುಸ್ತಕ ರದ್ದಿಗೆ ಹೋಗುತ್ತದೆ.