ಇಟ್ಟಿಗೆ ಗೋಡೆಯ ಕಟ್ಟು: ಅದರ ಬಗೆಗಳೂ ಉಪಯೋಗಗಳೂ

ಇಟ್ಟಿಗೆ ಗೋಡೆಯ ಬಲವು ಇಟ್ಟಿಗೆ ಮತ್ತು ಗಾರೆಗಳ ಗುಣವನ್ನು ಮಾತ್ರವೇ ಅವಲಂಬಿಸಿರುವುದಿಲ್ಲ. ಇಟ್ಟಿಗೆಗಳನ್ನು ಜೋಡಿಸುವ ಕ್ರಮವನ್ನೂ ಅವಲಂಬಿಸಿರುತ್ತದೆ. ಈ ಕ್ರಮಕ್ಕೆ ಕಟ್ಟು ಅಥವಾ ಬಾಂಡು ಎಂದು ಹೆಸರು. ಶಿರಾಳಕೊಪ್ಪದ ಸುತ್ತಣ ಶಿಕಾರಿಪುರ, ಸೊರಬ ತಾಲ್ಲೂಕುಗಳು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಪ್ರದೇಶ. ಇಲ್ಲಿ ಮುಂಗಾರು ಹಿಡಿದರೆ ಗೋಡೆಗಳು ದಿನಗಟ್ಟಲೆ ನೆನೆಯುತ್ತವೆ. ಸುಗ್ಗಿಯಾದ ಮೇಲೆ ಭತ್ತ, ಮೆಕ್ಕೆಜೋಳಗಳ ರಾಶಿಯು ಉಗ್ರಾಣದ ಗೋಡೆಯನ್ನು ಒಳಗಿನಿಂದ ಹೊರಕ್ಕೆ ಒತ್ತುತ್ತದೆ. ಕಟ್ಟು ಕೆಟ್ಟ ಗೋಡೆಯು ಉರುಳಿದರೆ ವರ್ಷದ ದುಡಿಮೆಯೂ ಕೊಟ್ಟಿಗೆಯ ದನಕರುಗಳೂ, ಕೆಲವು ವೇಳೆ ಮನೆಯ ಜನರೂ ಅದರಡಿ ಸಿಕ್ಕುವ ಸಂಭವವುಂಟು. ಆದುದರಿಂದ ಕಟ್ಟಿಸುವ ರೈತನೂ ಈ ವಿಷಯವನ್ನು ತಿಳಿದಿರುವುದು ಅವಶ್ಯಕ.

ಈ ಸೀಮೆಗೆ ಇಟ್ಟಿಗೆಯ ಕೆಲಸವು ಹೊಸತಲ್ಲ. ಸೊರಬದ ಗಡಿಗೆ ಸಮೀಪವಾದ ಬನವಾಸಿಯ ಉತ್ಖನನದಲ್ಲಿ ಶಾತವಾಹನರ ಕಾಲದ ಇಟ್ಟಿಗೆ ಕಟ್ಟಡಗಳ ಅವಶೇಷಗಳು ದೊರೆತಿವೆ.

ಮೂಲ ತತ್ತ್ವ.— ಒಂದು ವರಸೆಯ ನಿಲುವು ಸಂದಿನ ಮೇಲೆ ಮುಂದಿನ ವರಸೆಯ ನಿಲುವು ಸಂದು ಬರಕೂಡದು. ಸಂದುಗಳು ಒಂದೇ ಗೆರೆಯಲ್ಲಿ ಕೂಡಿಬಂದರೆ ಗೋಡೆಯು ಆ ಗೆರೆಯಲ್ಲಿಯೇ ಬಿರಿಯುತ್ತದೆ. ಸಂದು ತಪ್ಪಿಸಿ ಕಟ್ಟಿದಲ್ಲಿ ಮೇಲಿನ ಭಾರವು ಒಂದು ಇಟ್ಟಿಗೆಯಿಂದ ಕೆಳಗಿನ ಎರಡಕ್ಕೆ ಹಂಚಿಹೋಗುತ್ತದೆ. ಇಟ್ಟಿಗೆಯ ಉದ್ದಮುಖವು ಹೊರಗೆ ಕಾಣುವಂತೆ ಇಟ್ಟುದನ್ನು ಉದ್ದಿಟ್ಟಿಗೆಯೆಂದೂ, ತಲೆಮುಖವು ಕಾಣುವಂತೆ ಗೋಡೆಗೆ ಅಡ್ಡಲಾಗಿ ಇಟ್ಟುದನ್ನು ಅಡ್ಡಿಟ್ಟಿಗೆಯೆಂದೂ ಇಲ್ಲಿ ಕರೆಯಲಾಗಿದೆ. ಕೆಳಗಿನ ಲೆಕ್ಕಗಳಲ್ಲಿ ಇಟ್ಟಿಗೆಯ ಅಳತೆಯನ್ನು ಸಂದೂ ಸೇರಿ 9 ಅಂಗುಲ ಉದ್ದ, 4½ ಅಂಗುಲ ಅಗಲ, 3 ಅಂಗುಲ ದಪ್ಪವೆಂದು ಹಿಡಿದಿದೆ.

ಉದ್ದಿಟ್ಟಿಗೆಯ ಕಟ್ಟು.— ಎಲ್ಲ ವರಸೆಗಳಲ್ಲಿಯೂ ಉದ್ದಿಟ್ಟಿಗೆಗಳೇ ಇರುತ್ತವೆ; ಪ್ರತಿ ವರಸೆಯೂ ಕೆಳಗಿನದಕ್ಕಿಂತ ಅರ್ಧ ಇಟ್ಟಿಗೆಯಷ್ಟು ಸರಿದಿರುತ್ತದೆ. 4½ ಅಂಗುಲದ ಅಡ್ಡಗೋಡೆಗೆ ಇದು ತಕ್ಕುದು. ಮಾಡಿನ ಭಾರವನ್ನು ಇದರ ಮೇಲೆ ಹೊರಿಸಬಾರದು. ಜಂಬಿಟ್ಟಿಗೆಯ ಒಂಟಿ ಗೋಡೆಯನ್ನು ಕಟ್ಟುವುದೂ ಈ ಕ್ರಮದಲ್ಲಿಯೇ. ಆದರೆ ಇಂತಹ ಎರಡು ಗೋಡೆಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿದ ಮಾತ್ರಕ್ಕೆ 9 ಅಂಗುಲದ ಗೋಡೆಯಾಗುವುದಿಲ್ಲ. ಒಳಹೊರಗನ್ನು ಹಿಡಿದು ನಿಲ್ಲಿಸುವ ಅಡ್ಡಿಟ್ಟಿಗೆಯಿಲ್ಲದೆ ನೀರಿಳಿದಾಗ ಒಂದು ಪದರ ಉಬ್ಬಿ ಬೀಳುತ್ತದೆ.

ಅಡ್ಡಿಟ್ಟಿಗೆಯ ಕಟ್ಟು.— ಎಲ್ಲವೂ ಅಡ್ಡಿಟ್ಟಿಗೆಗಳು. ಬಳಸಿ ತಿರುಗುವ ಗೋಡೆಗೆ, ಅದರಲ್ಲಿಯೂ ಬಾವಿಯ ಸುತ್ತುಗೋಡೆಗೆ, ಇದು ಒಪ್ಪುತ್ತದೆ. ತಲೆಮುಖವು ಕಿರಿದಾದುದರಿಂದ ದುಂಡು ಸುಲಭವಾಗಿ ಕೂಡಿಬರುತ್ತದೆ.

ಇಂಗ್ಲಿಷ್ ಬಾಂಡು.— ಒಂದು ವರಸೆ ಪೂರ್ತಿ ಉದ್ದಿಟ್ಟಿಗೆ, ಮುಂದಿನದು ಪೂರ್ತಿ ಅಡ್ಡಿಟ್ಟಿಗೆ. ಹೀಗೆ ಸರದಿಯಾಗಿ ಏರುತ್ತದೆ. ಅಡ್ಡಿಟ್ಟಿಗೆಯ ವರಸೆಯಲ್ಲಿ ಮೂಲೆಯ ಮೊದಲ ಇಟ್ಟಿಗೆಯ ಪಕ್ಕಕ್ಕೆ, ಉದ್ದಕ್ಕೆ ಸೀಳಿದ 2¼ ಅಂಗುಲದ ತುಂಡನ್ನು ಇಡತಕ್ಕದ್ದು. ಈ ತುಂಡನ್ನು ಬಿಟ್ಟರೆ 9 ಅಂಗುಲಕ್ಕೊಮ್ಮೆ ಮೇಲಿನ ಸಂದು ಕೆಳಗಿನ ಸಂದಿನ ಮೇಲೆಯೇ ಬಂದು ಕೂರುತ್ತದೆ; ಇಟ್ಟರೆ ಎಲ್ಲೆಡೆಯೂ 2¼ ಅಂಗುಲದಷ್ಟು ತಪ್ಪುತ್ತದೆ. ಉಗ್ರಾಣ, ತೊಲೆ ಹೊರುವ ಗೋಡೆ, ತಳಪಾಯ ಇವುಗಳಿಗೆ ಈ ಕಟ್ಟೇ ಶ್ರೇಷ್ಠ.

ಫ್ಲೆಮಿಷ್ ಬಾಂಡು.— ಪ್ರತಿಯೊಂದು ವರಸೆಯಲ್ಲಿಯೂ ಒಂದು ಉದ್ದಿಟ್ಟಿಗೆ, ಒಂದು ಅಡ್ಡಿಟ್ಟಿಗೆ ಬರುತ್ತವೆ. ನೋಟಕ್ಕೆ ಅಂದವಾಗಿದ್ದರೂ ಬಲದಲ್ಲಿ ಇಂಗ್ಲಿಷ್ ಬಾಂಡಿಗೆ ಸ್ವಲ್ಪ ಕಡಮೆ; ಇಟ್ಟಿಗೆಗಳೂ ಒಂದೇ ಅಳತೆಯವಾಗಿರಬೇಕು. ಗಿಲಾವು ಮಾಡದೆ ಬಿಡುವ ಮನೆಯ ಮುಂಗೋಡೆಗೆ ಇದನ್ನು ಉಪಯೋಗಿಸಬಹುದು.

ಇಲಿಬೋನು ಕಟ್ಟು.— ಕೇರಳದಲ್ಲಿ ಮನೆಗಳನ್ನು ಕಟ್ಟಿದ ಲಾರಿ ಬೇಕರ್ ಅವರು (1917–2007) ಇದನ್ನು ಬಹುವಾಗಿ ಪ್ರಚಾರಕ್ಕೆ ತಂದರು. ಇಟ್ಟಿಗೆಗಳನ್ನು ಚಪ್ಪಟೆಯಾಗಿ ಇಡದೆ ಅಂಚಿನ ಮೇಲೆ ನಿಲ್ಲಿಸಲಾಗುತ್ತದೆ. ಎದುರುಬದುರಾಗಿ ಎರಡು ಉದ್ದಿಟ್ಟಿಗೆ, ಬಳಿಕ ಅವನ್ನು ಬಂಧಿಸುವ ಒಂದು ಅಡ್ಡಿಟ್ಟಿಗೆ. ನಡುವೆ 3 ಅಂಗುಲದ ಪೊಳ್ಳು ಉಳಿಯುತ್ತದೆ. 12 ಅಂಗುಲ ಉದ್ದ, 4½ ಅಂಗುಲ ಎತ್ತರದ ಗೋಡೆಗೆ ಗಟ್ಟಿ ಕಟ್ಟಿನಲ್ಲಿ 4 ಇಟ್ಟಿಗೆ ಬೇಕು. ಇದರಲ್ಲಿ 3 ಸಾಕು. ಎಂದರೆ ಶೇಕಡಾ 25ರಷ್ಟು ಇಟ್ಟಿಗೆ ಉಳಿಯುತ್ತದೆ. ಗಾರೆಯೂ ಕಡಮೆ ಹಿಡಿಯುತ್ತದೆ. ಪೊಳ್ಳಿನಲ್ಲಿರುವ ಗಾಳಿಯಿಂದ ಬಿಸಿಲಿನ ಝಳವು ಒಳಕ್ಕೆ ಬೇಗ ಇಳಿಯದು. ಆದರೆ ಅಗಲವೂ ದಪ್ಪವೂ ಸಮವಾಗಿರುವ 19×9×9 ಸೆಂಟಿಮೀಟರ್ ಇಟ್ಟಿಗೆಯಲ್ಲಿ ಪೊಳ್ಳೇ ಉಳಿಯದ ಕಾರಣ ಈ ಲಾಭವಿಲ್ಲ. ಕೊಳ್ಳುವ ಮೊದಲೇ ಇಟ್ಟಿಗೆಯನ್ನು ಅಳೆದು ನೋಡತಕ್ಕದ್ದು. ತಳಪಾಯದ ಕಟ್ಟೆ, ಕಿಟಕಿಯ ಕೆಳಗು, ಬಾಗಿಲು ಕಿಟಕಿಗಳ ಮೇಲ್ಮಟ್ಟ ಮತ್ತು ತೊಲೆ ಕೂರುವ ಎಡೆಗಳಲ್ಲಿ ಗಟ್ಟಿ ವರಸೆಗಳನ್ನೇ ಹಾಕಬೇಕು. ಕಾಳಿನ ರಾಶಿಯು ಒತ್ತುವ ಗೋಡೆಗೆ ಇದು ತಕ್ಕುದಲ್ಲ.

ಜಾಲರಿ ಕಟ್ಟು ಮತ್ತು ನೆಲಹಾಸು.— ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟುವುದು ಜಾಲರಿ ಕಟ್ಟು. ಕೊಟ್ಟಿಗೆಯ ಗೋಡೆಯ ಮೇಲ್ಭಾಗದಲ್ಲಿ ಇದನ್ನು ಹಾಕಿದರೆ ಗಂಜಲದ ಹಬೆ ಹೊರಕ್ಕೆ ಹೋಗಿ ದನಗಳಿಗೆ ಗಾಳಿ ಸಿಕ್ಕುತ್ತದೆ. ಅಂಗಳದ ನೆಲಕ್ಕೆ ಇಟ್ಟಿಗೆಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆದು ಹಾಸಿದರೆ ಗಾಡಿಯ ಚಕ್ರ ಉರುಳಿದರೂ ಸಾಲು ಸರಿಯದು.

ಎಲ್ಲ ಕಟ್ಟಿಗೂ ಸಲ್ಲುವ ಎಚ್ಚರಿಕೆಗಳು.— ಇಟ್ಟಿಗೆಯನ್ನು ಮೊದಲು ನೀರಿನಲ್ಲಿ ನೆನೆಸತಕ್ಕದ್ದು. ಒಣ ಇಟ್ಟಿಗೆಯು ಗಾರೆಯ ನೀರನ್ನು ಹೀರಿ ಅದನ್ನು ನಿಸ್ಸಾರಮಾಡುತ್ತದೆ. ಮುಖದ ಮೇಲಿನ ಗುಳಿಯು ಮೇಲ್ಮುಖವಾಗಿರಬೇಕು. ನಿಲುವು ಸಂದುಗಳಲ್ಲಿಯೂ ಗಾರೆಯನ್ನು ತುಂಬಬೇಕು. ದಿನಕ್ಕೆ ಐದು ಅಡಿಗಿಂತ ಹೆಚ್ಚು ಎತ್ತರ ಏರಿಸಬಾರದು. ಸಿಮೆಂಟು ಗಾರೆಯ ಗೋಡೆಗೆ ಕಡೆಯಪಕ್ಷ ಏಳು ದಿನ ನೀರುಣಿಸಬೇಕು. ಸಾಧ್ಯವಾದಷ್ಟೂ ಮಳೆಗಾಲಕ್ಕೆ ಮೊದಲೇ ಮಾಡು ಹೊದಿಸಿ ಮುಗಿಸುವುದು ಲೇಸು. ಕೆಲಸ ನಡೆಯುವಾಗ ರೈತನು ಎರಡು ವರಸೆಗಳ ಸಂದುಗಳನ್ನು ಪ್ರತಿದಿನವೂ ಹೋಲಿಸಿ ನೋಡಿ, ಗೆರೆ ಕೂಡಿದ್ದರೆ ಗಾರೆ ಹಸಿಯಿರುವಾಗಲೇ ಬಿಚ್ಚಿಸಿ ಸರಿಪಡಿಸಿಕೊಳ್ಳತಕ್ಕದ್ದು.