ಕುದುರೆಯ ರಕ್ತಹೀನತೆ: ಕೆಂಪುಕಣಗಳು ನುಡಿಯುವ ಸಾಕ್ಷ್ಯ

ಮುಂಬಯಿಯಂತಹ ಮಹಾನಗರದಲ್ಲಿ ನೆಲೆನಿಂತ ನಮಗೆ ಕುದುರೆಯ ಪರಿಚಯ ತೀರ ಸೀಮಿತವಾದುದು. ಮಹಾಲಕ್ಷ್ಮಿಯ ರೇಸ್‌ಕೋರ್ಸ್, ಮದುವೆಯ ದಿಬ್ಬಣ, ರಜೆಯಲ್ಲಿ ಮಕ್ಕಳೊಡನೆ ಮಾಥೇರಾನಿಗೆ ಹೋದಾಗಿನ ಸವಾರಿ, ಇಷ್ಟಕ್ಕೇ ಆ ಪ್ರಾಣಿಯೊಂದಿಗಿನ ನಮ್ಮ ಸಂಬಂಧ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಊರಿನ ತೋಟದಲ್ಲೋ ಗದ್ದೆಯ ಬದುವಿನಲ್ಲೋ ನಮ್ಮವರೊಬ್ಬರಿಗೆ ಹಾವು ಕಚ್ಚಿದಾಗ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವು ಕುದುರೆಯ ರಕ್ತದಿಂದಲೇ ತಯಾರಾದುದು. ನಮ್ಮ ಜೀವ ಉಳಿಸುವ ರಕ್ತ ಅದರದು. ಆ ರಕ್ತವೇ ಬಡವಾದಾಗ ಏನಾಗುತ್ತದೆ, ಅದನ್ನು ಪಶುವೈದ್ಯರು ಹೇಗೆ ಗುರುತಿಸುತ್ತಾರೆ ಎಂಬುದನ್ನು ತಿಳಿಯುವ ಕುತೂಹಲ ನಮ್ಮಂತಹ ಸಾಮಾನ್ಯರಿಗೂ ಇರಬೇಕಾದುದೇ.

ರಕ್ತಹೀನತೆ ಸ್ವತಃ ಒಂದು ರೋಗವಲ್ಲ, ರೋಗದ ಲಕ್ಷಣ. ಪ್ರಾಣವಾಯುವನ್ನು ಹೊತ್ತೊಯ್ಯುವ ಕೆಂಪುಕಣಗಳು ಕಡಿಮೆಯಾಗಲು ಮೂರೇ ದಾರಿಗಳುಂಟು: ರಕ್ತ ಹೊರಗೆ ಸೋರಿಹೋಗುವುದು, ಕಣಗಳು ದೇಹದೊಳಗೇ ನಾಶವಾಗುವುದು, ಇಲ್ಲವೇ ಅಸ್ಥಿಮಜ್ಜೆಯಲ್ಲಿ ಅವುಗಳ ಉತ್ಪಾದನೆ ಕುಂಠಿತವಾಗುವುದು. ಮನುಷ್ಯರಿಗೂ ಇದೇ ನಿಯಮ. ಆದರೆ ಕುದುರೆಯ ಕೆಂಪುಕಣಗಳ ನಡವಳಿಕೆಯೇ ಬೇರೆ. ಅದನ್ನರಿಯದೆ ವರದಿಯನ್ನು ಓದಿದರೆ ಮೋಸ ಹೋಗುವುದು ಖಂಡಿತ.

ಕುದುರೆಯ ಕೆಂಪುಕಣದ ಅಡ್ಡಳತೆ ಸುಮಾರು 5ರಿಂದ 6 ಮೈಕ್ರಾನ್. ಮನುಷ್ಯನದು 7ರಿಂದ 8. ಮನುಷ್ಯನ ಕಣ ಸುಮಾರು 120 ದಿನ ಬಾಳಿದರೆ ಕುದುರೆಯದು ಸುಮಾರು 140ರಿಂದ 150 ದಿನ ಬಾಳುತ್ತದೆ. ಸೂಕ್ಷ್ಮದರ್ಶಕದಡಿಯಲ್ಲಿ ಆರೋಗ್ಯವಂತ ಕುದುರೆಯ ಕಣಗಳು, ಬ್ಯಾಂಕಿನ ಕ್ಯಾಷಿಯರ್ ಒಂದರ ಮೇಲೊಂದು ಪೇರಿಸಿಟ್ಟ ನಾಣ್ಯಗಳಂತೆ ಕಾಣುತ್ತವೆ. ಮನುಷ್ಯರಲ್ಲಿ ಇಂತಹ ಸಾಲುಗಳು ಹೆಚ್ಚಾಗಿ ಕಂಡರೆ ವೈದ್ಯರು ಉರಿಯೂತವನ್ನೋ ಬೇರೆ ಕಾಯಿಲೆಯನ್ನೋ ಶಂಕಿಸುತ್ತಾರೆ. ಕುದುರೆಯಲ್ಲಿ ಅದು ಸಹಜ. ಆದರೆ ದೇಹದ ರಕ್ಷಣಾ ವ್ಯವಸ್ಥೆಯೇ ಮುನಿದು ತನ್ನ ಕಣಗಳ ಮೇಲೆ ದಾಳಿ ಮಾಡಿದಾಗಲೂ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇವೆರಡನ್ನೂ ಬೇರ್ಪಡಿಸಲು ಸರಳ ಉಪಾಯವೊಂದಿದೆ. ರಕ್ತಕ್ಕೆ ಸಲೈನ್ ದ್ರಾವಣ ಬೆರೆಸಿದರೆ ನಾಣ್ಯದ ಸಾಲು ಚದುರಿಹೋಗುತ್ತದೆ. ರೋಗದ ಗಂಟು ಚದುರುವುದಿಲ್ಲ.

ಎರಡನೆಯ ವೈಶಿಷ್ಟ್ಯ ಗುಲ್ಮಕ್ಕೆ ಸಂಬಂಧಿಸಿದುದು. ಕುದುರೆಯು ತನ್ನ ಕೆಂಪುಕಣಗಳ ಮೂರನೆಯ ಒಂದು ಪಾಲನ್ನೋ ಅದಕ್ಕೂ ಹೆಚ್ಚನ್ನೋ ಗುಲ್ಮದಲ್ಲಿ ಠೇವಣಿ ಇಟ್ಟಂತೆ ಕೂಡಿಡುತ್ತದೆ. ಓಡುವಾಗ ಅಥವಾ ಬೆದರಿದಾಗ ಗುಲ್ಮ ಸಂಕುಚಿಸಿ ಆ ಠೇವಣಿ ಒಮ್ಮೆಲೇ ರಕ್ತಕ್ಕೆ ಬಂದು ಸೇರುತ್ತದೆ. ವಿಶ್ರಾಂತಿಯಲ್ಲಿರುವ ರೇಸ್ ಕುದುರೆಯ ರಕ್ತದಲ್ಲಿ ಕಣಗಳ ಪಾಲು ಸಾಮಾನ್ಯವಾಗಿ ನೂರಕ್ಕೆ 35ರಿಂದ 45ರಷ್ಟಿದ್ದರೆ, ನಾಗಾಲೋಟದ ಬಳಿಕ ಅದು 60ನ್ನೂ ಮೀರಬಲ್ಲುದು. ಆದುದರಿಂದ ಸೂಜಿಗೆ ಹೆದರಿ ಜಗ್ಗಾಡಿದ ಕುದುರೆಯಿಂದ ತೆಗೆದ ರಕ್ತ, ಇರುವ ರಕ್ತಹೀನತೆಯನ್ನು ಮುಚ್ಚಿಡಬಹುದು. ಗಾಯದಿಂದ ಬಹಳಷ್ಟು ರಕ್ತ ಹರಿದುಹೋದ ದಿನವೂ ಅಂಕಿ ಸರಿಯಾಗಿಯೇ ತೋರಬಹುದು. ನಿಜವಾದ ಕೊರತೆ ಬಯಲಾಗಲು ಒಂದು ದಿನವಾದರೂ ಬೇಕು. ಲೆಕ್ಕಪುಸ್ತಕದ ಒಂದೇ ಒಂದು ನಮೂದನ್ನು ನಂಬಬಾರದೆಂದು ನಮ್ಮ ವೃತ್ತಿಯಲ್ಲಿ ಹೇಳುವುದುಂಟು; ಇಲ್ಲಿಯೂ ಆ ಮಾತು ಸಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಮನುಷ್ಯ, ನಾಯಿ, ಬೆಕ್ಕುಗಳಲ್ಲಿ ರಕ್ತ ನಷ್ಟವಾದರೆ ಮಜ್ಜೆಯು ಇನ್ನೂ ಪಕ್ವವಾಗದ ಎಳೆಯ ಕಣಗಳನ್ನು ಅವಸರದಿಂದ ಹೊರಗೆ ಕಳುಹಿಸುತ್ತದೆ. ರೆಟಿಕ್ಯುಲೋಸೈಟ್ ಎಂದು ಕರೆಯುವ ಈ ಕಣಗಳನ್ನೆಣಿಸಿದರೆ ದೇಹ ಚೇತರಿಸಿಕೊಳ್ಳಲು ಯತ್ನಿಸುತ್ತಿದೆಯೇ ಎಂಬುದು ತಿಳಿಯುತ್ತದೆ. ಕುದುರೆಯಾದರೋ ಎಷ್ಟೇ ಕೊರತೆಯಿದ್ದರೂ ಎಳೆಯ ಕಣಗಳನ್ನು ಪಕ್ವವಾಗುವವರೆಗೆ ಮಜ್ಜೆಯಲ್ಲಿಯೇ ಇರಿಸಿಕೊಳ್ಳುತ್ತದೆ. ಇತ್ತೀಚಿನ ಸೂಕ್ಷ್ಮ ಯಂತ್ರಗಳು ಅಲ್ಲೊಂದು ಇಲ್ಲೊಂದು ಕಣವನ್ನು ಗುರುತಿಸಿಯಾವು. ಆದರೆ ವೈದ್ಯರು ಅವುಗಳನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ. ಕಣಗಳ ಸರಾಸರಿ ಗಾತ್ರ ತುಸು ಹಿಗ್ಗಿದೆಯೇ, ಸಣ್ಣ ದೊಡ್ಡ ಕಣಗಳ ವ್ಯತ್ಯಾಸ ಹೆಚ್ಚಿದೆಯೇ ಎಂದು ನೋಡಿ, ಕೆಲವು ದಿನಗಳ ಅಂತರದಲ್ಲಿ ಪರೀಕ್ಷೆಯನ್ನು ಪುನರಾವರ್ತಿಸುತ್ತಾರೆ. ಆಗಲೂ ಸಂಶಯ ತೀರದಿದ್ದರೆ ಎದೆಮೂಳೆಯಿಂದ ಮಜ್ಜೆಯನ್ನೇ ತೆಗೆದು ಪರೀಕ್ಷಿಸಬೇಕಾಗುತ್ತದೆ.

ಕಾರಣ ಯಾವುದೆಂಬುದಕ್ಕೂ ಕಣಗಳೇ ಸಾಕ್ಷಿ ನುಡಿಯುತ್ತವೆ. ನಮ್ಮ ಅಡುಗೆಮನೆಯ ಈರುಳ್ಳಿ ಕುದುರೆಗೆ ವಿಷಪ್ರಾಯ. ಅದನ್ನು ಹೆಚ್ಚಾಗಿ ತಿಂದರೆ ಕೆಂಪುಕಣದ ಹಿಮೋಗ್ಲೋಬಿನ್ ಕೆಟ್ಟು, ಕಣದ ಅಂಚಿನಲ್ಲಿ ಸಣ್ಣ ಗಂಟುಗಳು ಮೂಡುತ್ತವೆ. ಹೈಂಜ್ ಕಾಯಗಳೆಂದು ಇವುಗಳ ಹೆಸರು. ಅಮೆರಿಕದ ಕೆಂಪು ಮೇಪಲ್ ಮರದ ಬಾಡಿದ ಎಲೆಗಳೂ ಇದೇ ಹಾನಿಯನ್ನು ಮಾಡುತ್ತವೆ. ಉಣ್ಣೆಯಿಂದ ಹರಡುವ ಥೈಲೇರಿಯಾ ಪರಾವಲಂಬಿಯು ಕಣದೊಳಗೇ ಹೊಕ್ಕು, ಕೆಲವೊಮ್ಮೆ ನಾಲ್ಕು ನಾಲ್ಕಾಗಿ ಶಿಲುಬೆಯಾಕಾರದಲ್ಲಿ ಕಾಣಿಸುತ್ತದೆ. ನಮ್ಮ ದೇಶದ ಕುದುರೆ, ಒಂಟೆಗಳನ್ನು ಕಾಡುವ ಸರ್ರಾ ರೋಗದಲ್ಲಿ ಪರಾವಲಂಬಿಗಳು ಕಣಗಳ ಹೊರಗೆ, ಅವುಗಳ ನಡುವೆ ಈಜಾಡುತ್ತಿರುತ್ತವೆ. ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು 1880ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಇಂದು ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ.

ಇನ್ನು ವೈರಾಣುವಿನಿಂದ ಬರುವ ಸಾಂಕ್ರಾಮಿಕ ರಕ್ತಹೀನತೆಯೊಂದಿದೆ. ಕುದುರೆನೊಣದ ಕಡಿತದಿಂದಲೂ ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದಂತಹ ಅಜಾಗರೂಕತೆಯಿಂದಲೂ ಇದು ಹರಡುತ್ತದೆ. ಈ ವೈರಾಣು ಕೆಂಪುಕಣದೊಳಗೆ ಪ್ರವೇಶಿಸುವುದಿಲ್ಲ. ಅದರ ವಿರುದ್ಧ ಹೋರಾಡುವ ಭರದಲ್ಲಿ ದೇಹವೇ ನಿರಪರಾಧಿ ಕಣಗಳನ್ನು ನಾಶಪಡಿಸುತ್ತದೆ. ಇದಕ್ಕೆ ಮದ್ದಿಲ್ಲ. ಬದುಕುಳಿದ ಕುದುರೆಯೂ ಜೀವಮಾನವಿಡೀ ಸೋಂಕನ್ನು ಹೊತ್ತಿರುತ್ತದೆ. 1970ರಲ್ಲಿ ಲೆರಾಯ್ ಕಾಗಿನ್ಸ್ ರೂಪಿಸಿದ ಪರೀಕ್ಷೆಯು ಇದರ ಪತ್ತೆಗೆ ಇಂದಿಗೂ ಆಧಾರ. ನಮ್ಮಲ್ಲಿ ಕುದುರೆಗಳ ಇಂತಹ ರೋಗಗಳ ಸಂಶೋಧನೆಗೆಂದೇ ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಒಸಡು ಬಿಳಿಚಿದ, ಬೇಗ ದಣಿಯುವ ಕುದುರೆಗೆ ಕಬ್ಬಿಣದ ಟಾನಿಕ್ ಕುಡಿಸಿದರೆ ಸಾಕೆಂಬ ನಂಬಿಕೆ ಅನೇಕರಲ್ಲಿದೆ. ಹುಲ್ಲು ಮೇಯುವ ಕುದುರೆಗೆ ಕಬ್ಬಿಣದ ಕೊರತೆ ಬಹಳ ಅಪರೂಪ. ಹೊಟ್ಟೆಯ ಹುಳುವಿನಿಂದಲೋ ಹುಣ್ಣಿನಿಂದಲೋ ದೀರ್ಘಕಾಲ ರಕ್ತ ಸೋರಿದಾಗ ಮಾತ್ರ ಕಣಗಳು ಕುಗ್ಗಿ ಬಣ್ಣಗೆಡುತ್ತವೆ. ಬೇಡದ ಕಬ್ಬಿಣ ಯಕೃತ್ತನ್ನು ಕೆಡಿಸುತ್ತದೆ. ಈಗಷ್ಟೇ ಹುಟ್ಟಿದ ಮರಿಗಳು ಅದರಿಂದ ಸತ್ತದ್ದೂ ಉಂಟು. ಒಂದೇ ಕುದುರೆಯನ್ನು ನಂಬಿ ಸಂಸಾರ ಸಾಗಿಸುವ ಬಡ ಸವಾರನಿಗೆ ಟಾನಿಕ್ಕಿನ ಬಾಟಲಿಗಿಂತ ಒಂದು ಹನಿ ರಕ್ತದ ಪರೀಕ್ಷೆಯೇ ಹೆಚ್ಚು ಉಪಕಾರಿ.

ಪ್ರತಿವಿಷಕ್ಕಾಗಿ ರಕ್ತ ನೀಡುವ ಕುದುರೆಗಳ ವಿಷಯದಲ್ಲಿ ಈ ಜ್ಞಾನ ಕರುಣೆಯ ರೂಪವನ್ನು ತಾಳಿದೆ. ಪ್ರತಿವಿಷಕ್ಕೆ ಬೇಕಾಗುವುದು ರಕ್ತದ ದ್ರವಭಾಗ ಮಾತ್ರ, ಕೆಂಪುಕಣಗಳಲ್ಲ. ಆದುದರಿಂದ ಕಣಗಳನ್ನು ಬೇರ್ಪಡಿಸಿ, ಸಲೈನಿನಲ್ಲಿ ಬೆರೆಸಿ, ಅದೇ ಕುದುರೆಗೆ ಹಿಂದಿರುಗಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಹೀಗೆ ಮಾಡಿದಲ್ಲಿ ಕುದುರೆ ರಕ್ತಹೀನತೆಗೆ ತುತ್ತಾಗುವ ಅಪಾಯ ಬಹಳ ಮಟ್ಟಿಗೆ ತಪ್ಪುತ್ತದೆ. ನಮ್ಮ ಪ್ರಾಣಕ್ಕಾಗಿ ಪಡೆದುಕೊಂಡ ಸಾಲದಲ್ಲಿ ಹಿಂದಿರುಗಿಸಬಹುದಾದಷ್ಟನ್ನು ಹಿಂದಿರುಗಿಸುವುದು ನಮ್ಮ ಕರ್ತವ್ಯವೇ ಸರಿ.